ಏನೂ ಮಾಡದ ಯಂತ್ರ

ನಮ್ಮನೆಯವರು ಕಪ್ತಾನರು. ನಗಬೇಡಿ, ನಿಜವಾಗಿಯೂ ಕಪ್ತಾನರೇ. ಅವರ ಹತ್ತಿರ ಹಾರುವ ಹಡಗೊಂದಿದೆ. ಹಿತ್ತಾಳೆಯ ಹೊಟ್ಟೆ, ತಾಮ್ರದ ಕೊಳವೆಗಳು, ಎರಡೂ ಪಕ್ಕಕ್ಕೆ ಗರಗರ ತಿರುಗುವ ಚಕ್ರಗಳು, ತಲೆಯ ಮೇಲೆ ಭಾರಿ ಬೆಲೂನು. ಎಲ್ಲೆಲ್ಲಿಯವರೋ ಜನ ಅವರ ಕೈಕೆಳಗೆ ದುಡಿಯುತ್ತಾರೆ. "ಕಪ್ತಾನ್, ಅಪ್ಪಣೆ ಕೊಡಿ" ಎಂದು ಒಬ್ಬ ಕೇಳಿದರೆ, "ಕಪ್ತಾನ್, ಎದುರಿಗೆ ಮೋಡ ಬಂತು, ಏನ್ಮಾಡೋಣ?" ಎಂದು ಇನ್ನೊಬ್ಬಳು ಕೇಳುತ್ತಾಳೆ. ಇವರು ಗಂಟಲು ಸರಿಮಾಡಿಕೊಂಡು, ಮನೆಯಲ್ಲಿ ನಾನು ಯಾವತ್ತೂ ಕೇಳಿರದ ಗಡಸು ದನಿಯಲ್ಲಿ, "ಎಡಕ್ಕೆ ತಿರುಗಿಸಿ!" ಎನ್ನುತ್ತಾರೆ. ಇಷ್ಟೂ ನಡೆಯುವುದು ನಮ್ಮ ಮಲಗುವ ಕೋಣೆಯ ಮೂಲೆಯ ಕಂಪ್ಯೂಟರಿನೊಳಗೆ. ಕಂಪ್ಯೂಟರಿನ ಹೊರಗೆ ಅವರಿಗೆ ಗೋಡೆಗೆ ಒಂದು ಮೊಳೆ ಹೊಡೆಯಲೂ ಬರುವುದಿಲ್ಲ.

ಮೊಳೆಯ ಮಾತು ಉತ್ಪ್ರೇಕ್ಷೆಯಲ್ಲ. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಅಂಗಡಿಯಿದೆ. ಅಲ್ಲಿಗೊಂದು ನಿಲುಗನ್ನಡಿ ತಂದು, "ರೀ, ಇದನ್ನ ಸ್ವಲ್ಪ ತೂಗುಹಾಕಿ" ಎಂದಿದ್ದೆ. ಮೊಳೆ ಬಾಗಿತು, ಗಾರೆ ಉದುರಿತು, ಹೆಬ್ಬೆರಳು ಬದನೆಕಾಯಿಯಂತೆ ಊದಿತು. ಕನ್ನಡಿ ಇವತ್ತಿಗೂ ಕುರ್ಚಿಯ ಮೇಲೆ ಒರಗಿಕೊಂಡೇ ಇದೆ. ಗಿರಾಕಿಗಳು ಅದರ ಮುಂದೆ ಬಗ್ಗಿ ನೋಡಿಕೊಂಡು, "ಸೊಂಟದ ಹತ್ರ ಬಿಗಿ ಆಯ್ತಲ್ಲ" ಎಂದು ತಕರಾರು ತೆಗೆಯುತ್ತಾರೆ. ಅಷ್ಟು ಬಗ್ಗಿದರೆ ಯಾರಿಗೆ ತಾನೇ ಬಿಗಿಯಾಗುವುದಿಲ್ಲ?

ಇನ್ನು ಹೊಟ್ಟೆಪಾಡಿಗೆ ಅವರು ಮಾಡುವ ಕೆಲಸ. ನೀರು ಸರಬರಾಜು ಇಲಾಖೆಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂರುತ್ತಾರೆ. ನೀರು ಬರಲಿಲ್ಲ ಎಂದು ಜನ ಬಂದು ಕೂಗಾಡುತ್ತಾರೆ. ಇವರು ಬರೆದುಕೊಂಡು, ಮೊಹರು ಒತ್ತಿ, "ನೋಡ್ತೀವಿ" ಎನ್ನುತ್ತಾರೆ. ಯಾರು ನೋಡುತ್ತಾರೆ, ಯಾವಾಗ ನೋಡುತ್ತಾರೆ ಎನ್ನುವುದು ಅವರಿಗೂ ಗೊತ್ತಿಲ್ಲ, ಇಲಾಖೆಗೂ ಗೊತ್ತಿಲ್ಲ. ದಿನವಿಡೀ ಬೈಸಿಕೊಂಡು ಬಂದ ಮನುಷ್ಯ ಸಂಜೆ ಎರಡು ಗಂಟೆ ಕಪ್ತಾನನಾಗಿ ಮೆರೆದರೆ ಮೆರೆಯಲಿ ಬಿಡಿ ಎಂದು ನಾನೂ ಸುಮ್ಮನಿದ್ದೆ.

ಇಲ್ಲಿ ನಮ್ಮಪ್ಪನ ವಿಷಯ ಹೇಳಲೇಬೇಕು. ಅಪ್ಪ ಬಟ್ಟೆ ಮಿಲ್ಲಿನಲ್ಲಿ ಬಾಯ್ಲರ್ ಮೇಸ್ತ್ರಿ. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು, ಅಪ್ಪನ ಮೇಸ್ತ್ರಿಗಿರಿ ಮಾತ್ರ ಮುಚ್ಚಿಲ್ಲ. ಪಕ್ಕದ ಬೀದಿಯಲ್ಲಿ ಅಣ್ಣನ ಮನೆಯಲ್ಲಿದ್ದಾರೆ, ಭಾನುವಾರ ಊಟಕ್ಕೆ ನಮ್ಮಲ್ಲಿಗೆ ಬರುತ್ತಾರೆ. ನನ್ನ ಮದುವೆಯಾದ ಹೊಸದರಲ್ಲಿ ಅಪ್ಪನ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಹೊಸ ಅಳಿಯನ ಹುಮ್ಮಸ್ಸು ನೋಡಿ, ಇವರು ಯಾರೂ ಕೇಳದಿದ್ದರೂ ಸ್ಪ್ಯಾನರ್ ಎತ್ತಿಕೊಂಡರು. ಒಂದು ಸಲ ತಿರುಗಿಸಿದರು, ನಲ್ಲಿ ಇಡಿಯಾಗಿ ಕೈಗೆ ಬಂತು. ನೀರು ಸೂರಿಗೆ ಚಿಮ್ಮಿತು. ಅಪ್ಪ ತೊಯ್ದು ತೊಪ್ಪೆಯಾಗಿ ನಿಂತು, ಅಳಿಯನ ಕಡೆ ತಿರುಗಿಯೂ ನೋಡದೆ ನನಗೆ ಹೇಳಿದರು: "ನಿನ್ನ ಗಂಡನಿಗೆ ಹೇಳು, ಸ್ಪ್ಯಾನರ್ ಕೆಳಗಿಡೋಕೆ."

ಅಷ್ಟೇ. ಅವತ್ತಿನಿಂದ ಅಪ್ಪ ಇವರ ಜೊತೆ ನೇರವಾಗಿ ಒಂದು ಮಾತೂ ಆಡಿಲ್ಲ. "ನಿನ್ನ ಗಂಡನಿಗೆ ಹೇಳು, ಕಾಫಿ ಆರ್ತಾ ಇದೆ." "ನಿನ್ನ ಗಂಡನಿಗೆ ಹೇಳು, ಅಂಗಿ ಗುಂಡಿ ತಪ್ಪಾಗಿ ಹಾಕಿದಾನೆ." ಗಂಡ ಪಕ್ಕದಲ್ಲೇ ಕೂತಿರುತ್ತಾರೆ. ನಾನು ತಿರುಗಿ, "ರೀ, ಕಾಫಿ ಆರ್ತಾ ಇದೆಯಂತೆ" ಎನ್ನಬೇಕು. ಇವರು "ಕುಡೀತೀನಿ ಅಂತ ಮಾವಂಗೆ ಹೇಳು" ಎನ್ನುತ್ತಾರೆ. ನಮ್ಮ ಮನೆಯ ಊಟದ ಮೇಜು ದೂರವಾಣಿ ವಿನಿಮಯ ಕೇಂದ್ರ, ನಾನು ಅದರ ಆಪರೇಟರ್.

ಊಟದ ಮಧ್ಯೆ ಅಪ್ಪ ಮಿಲ್ಲಿನ ಕಥೆ ತೆಗೆಯುತ್ತಾರೆ. ಬಾಯ್ಲರ್ ಹೇಗೆ ಉಸಿರಾಡುತ್ತಿತ್ತು, ಎಡಗಡೆಯ ಮಾಪಕದ ಮುಳ್ಳು ಹೇಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು, ತಾವು ಬೆರಳ ಗೆಣ್ಣಿನಿಂದ ಹೇಗೆ ಅದನ್ನು ತಟ್ಟಿ ಎಬ್ಬಿಸುತ್ತಿದ್ದರು, ಎಲ್ಲ. ಆ ಕಥೆಗಳನ್ನು ನನಗೆ ಹೇಳುತ್ತಾರೆ, ನಾನು ಎದ್ದುಹೋದರೆ ನೀರಿನ ಜಗ್ಗಿಗೆ ಹೇಳುತ್ತಾರೆ. ಅಳಿಯನಿಗೆ ಮಾತ್ರ ಹೇಳುವುದಿಲ್ಲ. ಈ ಮನುಷ್ಯ ಮಾತ್ರ ಅನ್ನ ಕಲಸಿದ ಕೈ ಒಣಗಿದರೂ ಗೊತ್ತಾಗದೆ, ಬಾಯಿ ತೆರೆದುಕೊಂಡು ಕೇಳುತ್ತಾ ಕೂತಿರುತ್ತಾರೆ. ಒಂದು ಸಲ, ಒಂದೇ ಒಂದು ಸಲ ಮಾವ ತಮ್ಮನ್ನು ನೇರವಾಗಿ ಮಾತಾಡಿಸಬೇಕು ಎನ್ನುವುದು ಅವರ ಜೀವದಾಸೆ. ನನ್ನ ಹತ್ತಿರ ಎಷ್ಟು ಸಲ ಹೇಳಿಕೊಂಡಿದ್ದಾರೋ ಲೆಕ್ಕವಿಲ್ಲ.

ಹೀಗಿರುವಾಗ ಒಂದು ಸಂಜೆ ಕಪ್ತಾನರು ಕೋಣೆಯಿಂದ ಓಡಿಬಂದರು. ಮುಖ ಕೆಂಪಾಗಿತ್ತು.

"ಲೇ, ಸ್ಪರ್ಧೆ ಇಟ್ಟಿದಾರೆ ಕಣೇ! ಕಂಪ್ಯೂಟರ್‌ನಲ್ಲಿ ಕಟ್ಟಿದ್ದನ್ನ ನಿಜವಾದ ಮನೇಲೂ ಕಟ್ಟಿ, ಎಲ್ಲರಿಗೂ ಕ್ಯಾಮೆರಾದಲ್ಲಿ ತೋರಿಸ್ಬೇಕು. ನಾನು ನನ್ನ ಹಡಗಿನ ಎಂಜಿನ್ ಕೋಣೇನ ಕಟ್ತೀನಿ."

"ಯಾವುದರಲ್ಲಿ ಕಟ್ತೀರಾ?"

"ತಾಮ್ರ, ಹಿತ್ತಾಳೆ, ಗೇರು, ಮಾಪಕ. ಸ್ಟೀಮ್‌ಪಂಕ್ ಅಂತಾರೆ ಇದಕ್ಕೆ. ಲೋಕದಲ್ಲಿ ಕರೆಂಟೇ ಬರದೆ, ಎಲ್ಲಾನೂ ಆವಿಯಲ್ಲೇ ನಡೀತಿದ್ರೆ ಹೇಗಿರ್ತಿತ್ತು ಅಂತ ಊಹಿಸ್ಕೊಂಡು ಮಾಡೋ ಕಲೆ."

"ಸರಿ, ಅದು ಏನು ಕೆಲಸ ಮಾಡುತ್ತೆ?"

"ಏನೂ ಮಾಡಲ್ಲ. ನೋಡೋಕೆ ಚೆನ್ನಾಗಿರುತ್ತೆ."

"ಅಂಥದ್ದು ಮನೇಲಿ ಈಗಾಗಲೇ ಒಂದಿದೆಯಲ್ಲ," ಎಂದೆ. "ಅದು ನೋಡೋಕೂ ಅಷ್ಟಕ್ಕಷ್ಟೇ."

ಅವರಿಗೆ ಕೇಳಿಸಲಿಲ್ಲ. ಗುಜರಿ ಅಂಗಡಿಗೆ ಆಗಲೇ ಹೊರಟಿದ್ದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹಿಂದಿನ ಬಾಲ್ಕನಿಗೆ ತೂತು ಬಿದ್ದ ಗೀಸರ್ ಡಬ್ಬ ಬಂತು, ಕೆಟ್ಟ ಗಡಿಯಾರಗಳು ಬಂದವು, ಎಲ್ಲಿಂದಲೋ ಕಿತ್ತ ಮಾಪಕಗಳು ಬಂದವು. ಪ್ಲಾಸ್ಟಿಕ್ ಪೈಪುಗಳಿಗೆಲ್ಲ ಹಿತ್ತಾಳೆ ಬಣ್ಣ ಬಳಿದರು. ಮೊಳೆ ಹೊಡೆಯಲು ಬಾರದ ಮನುಷ್ಯ ಎಲ್ಲವನ್ನೂ ಗಮ್ಮಿನಿಂದ ಅಂಟಿಸಿದರು. ಗೇರು ಗೇರಿಗೆ ಅಂಟಿತು, ಮಾಪಕದ ಮುಳ್ಳು ಮಾಪಕಕ್ಕೆ ಅಂಟಿತು, ಒಂದು ದಿನ ಇವರ ಮೊಣಕೈ ಗೀಸರಿಗೆ ಅಂಟಿ ನಾನು ಬಿಸಿನೀರು ಹೊಯ್ದು ಬಿಡಿಸಬೇಕಾಯಿತು. ನನ್ನ ಹಳೆಯ ಹೊಲಿಗೆ ಯಂತ್ರದ ಚಕ್ರ ಕಾಣೆಯಾಯಿತು. ಅದಕ್ಕೂ ಸುಮ್ಮನಿದ್ದೆ. ನಾನು ಬಟ್ಟೆಗೆ ಇಸ್ತ್ರಿ ಮಾಡುವ ಸ್ಟೀಮ್ ಐರನ್ನಿನ ಕೊಳವೆಯನ್ನು ಇವರು ಎಳೆದು ಗೀಸರಿನ ಹಿಂದೆ ತೂರಿಸಿದ ದಿನ ಮಾತ್ರ ಬಾಯಿ ಬಿಟ್ಟೆ.

"ರೀ, ಗಿರಾಕಿ ಕೋಟು ಮಡಿಕೆ ಮಡಿಕೆಯಾಗಿ ಬಿದ್ದಿದೆ, ನನ್ನ ಇಸ್ತ್ರಿ ಪೆಟ್ಟಿಗೆ ಇಲ್ಲಿ ಹೊಗೆ ಬಿಡ್ತಾ ಕೂತಿದೆಯಲ್ಲ!"

"ಹೊಗೆಯಲ್ಲ ಕಣೇ, ಆವಿ," ಎಂದು ತಿದ್ದಿದರು. "ಹಾಗೇ ಒಂದು ಚೂರು ಕೆಂಪು ಬಟ್ಟೆ ಇದ್ರೆ ಕೊಡು."

"ಅದ್ಯಾಕೆ?"

"ಬೇಕು. ಕಡುಗೆಂಪು ಇರ್ಲಿ."

ಹೊಲಿದು ಮಿಕ್ಕ ಅಂಚಿನಿಂದ ಒಂದು ತುಂಡು ಕತ್ತರಿಸಿ ಬಿಸಾಡಿದೆ. ಅದನ್ನು ದೊಡ್ಡ ವಾಲ್ವಿನ ಹಿಡಿಗೆ ಕಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು, ಬಹಳ ಹೊತ್ತು ನೋಡುತ್ತಾ ನಿಂತರು. ಯಾಕೆ ಎಂದು ನಾನು ಕೇಳಲಿಲ್ಲ, ಕೋಪದಲ್ಲಿದ್ದೆ.

ಎಡವಟ್ಟು ಶುರುವಾಗಿದ್ದು ಮೇಲ್ಮನೆಯ ಹೆಡ್ಮಾಸ್ಟರಿಂದ. ನಿವೃತ್ತರಾದ ಮೇಲೆ ಶಾಲೆ ಇಲ್ಲದ್ದರಿಂದ ನಮ್ಮ ಕಟ್ಟಡವನ್ನೇ ಶಾಲೆ ಮಾಡಿಕೊಂಡು ನಡೆಸುತ್ತಿದ್ದಾರೆ, ಕಟ್ಟಡದ ಸಂಘಕ್ಕೆ ಅಧ್ಯಕ್ಷರೂ ಹೌದು. ತಮ್ಮ ಬಾಲ್ಕನಿಯಿಂದ ಕತ್ತು ಚಾಚಿ ನೋಡಿದರು. ಕೆಳಗೆ ಆವಿ ಬುಸುಗುಡುತ್ತಿತ್ತು.

"ಏನ್ರೀ ಅದು? ಏನ್ಮಾಡುತ್ತೆ?"

ನನ್ನ ಮುಂದೆ ಹೇಳಿದಂತೆ "ಏನೂ ಮಾಡಲ್ಲ ಸಾರ್" ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಡ್ಮಾಸ್ಟರ ಮುಂದೆ ಏನೂ ಮಾಡುವುದಿಲ್ಲ ಎಂದು ಹೇಳುವ ಧೈರ್ಯ ಯಾವ ಗಂಡಸಿಗಿದೆ? ಇವರು ಮಾಪಕದ ಮೇಲೆ ಕೈಯಿಟ್ಟು, ಕಪ್ತಾನನ ದನಿಯಲ್ಲಿ, "ಪ್ರೆಷರ್ ನೋಡ್ಕೊಳ್ಳುತ್ತೆ ಸಾರ್" ಎಂದುಬಿಟ್ಟರು.

ವಿಧಿ ನೋಡಿ. ನಮ್ಮ ಕಟ್ಟಡದ ಮೇಲಿನ ಮಹಡಿಗೆ ನೀರು ಏರಿದ್ದನ್ನು ಕಂಡವರಿರಲಿಲ್ಲ. ಹೆಡ್ಮಾಸ್ಟರು ನಲ್ಲಿಯ ಕೆಳಗೆ ಚೊಂಬಿಟ್ಟು ಪೇಪರ್ ಓದುತ್ತಾ ಕೂರುವುದು ವಾಡಿಕೆ. ಅವತ್ತು ಸಂಜೆ ನಲ್ಲಿ ತಿರುಗಿಸಿದರೆ ನೀರು ಭರ್ರೋ ಎಂದು ಬಂದು ಚೊಂಬನ್ನೇ ಕೆಡವಿತು, ಪೇಪರ್ ನೆನೆಯಿತು. ಹೆಡ್ಮಾಸ್ಟರು ಒದ್ದೆ ಪೇಪರನ್ನು ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದರು. ಕಣ್ಣಲ್ಲಿ ನೀರು. ಅದು ನಲ್ಲಿಯದೋ ಅವರದೋ ಹೇಳಲಾರೆ.

"ಇಷ್ಟು ದಿನ ನಿಮ್ಮನ್ನ ಕೆಲಸಕ್ಕೆ ಬಾರದವರು ಅಂದ್ಕೊಂಡಿದ್ದೆ. ಕ್ಷಮಿಸಿ!"

ಇವರು ಬಾಯಿ ತೆರೆದರು. ನಿಜ ಹೇಳುತ್ತಾರೆ ಎಂದುಕೊಂಡೆ. "ಪರವಾಗಿಲ್ಲ ಸಾರ್" ಎಂದರು.

ಮರುದಿನದಿಂದ ನಮ್ಮ ಬಾಲ್ಕನಿಗೆ ಜನ ಬರತೊಡಗಿದರು. ಅಂಟಿಸಿದ ಮುಳ್ಳನ್ನು ನೋಡಿ, "ಇವತ್ತು ಸ್ವಲ್ಪ ಏರಿದೆ ಅಲ್ವಾ?" ಎಂದು ಒಬ್ಬರು, "ಬೆಳಗ್ಗೆ ಇನ್ನೂ ಮೇಲಿತ್ತು" ಎಂದು ಇನ್ನೊಬ್ಬರು. ಕೆಳಮನೆಯ ನರ್ಸಮ್ಮ, "ಸ್ನಾನಕ್ಕೆ ಹೋಗ್ತೀನಿ, ಒಂಚೂರು ಜಾಸ್ತಿ ಮಾಡಿ" ಎಂದು ಕೂಗುತ್ತಿದ್ದಳು. ಇವರು ಹೋಗಿ ಯಾವುದೋ ಗೇರಿನ ಮೇಲೆ ಕೈಯಾಡಿಸಿ ಬರುತ್ತಿದ್ದರು. ಸ್ನಾನ ಮುಗಿಸಿ ಬಂದು ಆಕೆ, "ಆಹಾ, ಗೊತ್ತಾಯ್ತು ವ್ಯತ್ಯಾಸ!" ಎನ್ನುತ್ತಿದ್ದಳು. ನಾನು ಗುಟ್ಟಾಗಿ, "ರೀ, ನಿಜ ಹೇಳಿಬಿಡಿ, ಇದು ಎಲ್ಲಿಗೋ ಹೋಗಿ ಮುಟ್ಟುತ್ತೆ" ಎಂದೆ.

ಅದು ಹೋಗಿ ಮುಟ್ಟಿದ್ದು ಅಪ್ಪನ ಕಿವಿಗೆ. ಫೋನ್ ಬಂತು.

"ಏನಮ್ಮಾ, ನಿನ್ನ ಗಂಡ ಬಾಯ್ಲರ್ ಮಾಡಿದಾನಂತೆ?"

"ಅದು... ಹಾಗೇನಿಲ್ಲಪ್ಪ..."

"ಭಾನುವಾರ ಬರ್ತೀನಲ್ಲ, ನೋಡ್ಬೇಕು ಅಂತ ಅವನಿಗೆ ಹೇಳು."

ಹೇಳಿದೆ. ಇವರು ಗೋಡೆ ಹಿಡಿದುಕೊಂಡು ಕೂತುಬಿಟ್ಟರು. "ಮಾವ ನೋಡ್ಬೇಕು ಅಂದ್ರಾ? ನನ್ನ ಯಂತ್ರಾನಾ?" ಸ್ಪರ್ಧೆಯೂ ಅದೇ ಭಾನುವಾರ. ಅವತ್ತು ಇವರಿಗೆ ಊಟ ಸೇರಲಿಲ್ಲ.

ನಮ್ಮ ಕಟ್ಟಡದ ನಲ್ಲಿಗಳು ಹೀಗೆ ಮೆರೆಯುತ್ತಿರುವಾಗ ಎದುರು ಕಟ್ಟಡದ ನಲ್ಲಿಗಳು ಬಾಯಾರಿದ್ದವು. ಅಲ್ಲಿ ಕೆಳಗೆ ಹಲ್ಲಿನ ಡಾಕ್ಟರಮ್ಮನ ಆಸ್ಪತ್ರೆಯಿದೆ. ರೋಗಿಗಳು ಬಾಯಿ ಮುಕ್ಕಳಿಸಲು ನೀರಿಲ್ಲದೆ ಬಾಯಿ ತುಂಬಾ ಔಷಧಿ ಇಟ್ಟುಕೊಂಡು ರಸ್ತೆಗೆ ಓಡುತ್ತಿದ್ದರಂತೆ. ಡಾಕ್ಟರಮ್ಮ ನೇರ ಇಲಾಖೆಗೆ ಹೋದಳು. ದೂರಿನ ಕಿಟಕಿಯ ಹಿಂದೆ ಯಾರಿದ್ದರು ಎಂದು ಬೇರೆ ಹೇಳಬೇಕೇ? ಸಂಜೆ ಬಂದು ಇವರೇ ನನಗೆ ಎಲ್ಲ ಒಪ್ಪಿಸಿದರು.

"ನಮ್ಮ ಎದುರಿನ ಕಟ್ಟಡದಲ್ಲಿ ಯಾವನೋ ಒಬ್ಬ ದೊಡ್ಡ ಯಂತ್ರ ಇಟ್ಕೊಂಡು ನೀರೆಲ್ಲಾ ಎಳ್ಕೋತಿದಾನೆ," ಎಂದಳಂತೆ ಡಾಕ್ಟರಮ್ಮ.

"ಯಾವನೋ ಒಬ್ಬ," ಎಂದು ಇವರು ಬರೆದುಕೊಂಡರಂತೆ. "ನೋಡೋಕೆ ಹೇಗಿದಾನೆ ಮೇಡಂ?"

"ಮುಖ ಸರಿಯಾಗಿ ಕಂಡಿಲ್ಲ. ತಲೆ ಮೇಲೆ ಹಿತ್ತಾಳೆ ಕನ್ನಡಕ ಏರಿಸ್ಕೊಂಡು ಬಾಲ್ಕನೀಲಿ ಓಡಾಡ್ತಿರ್ತಾನೆ. ನೋಡಿದ್ರೆ ಕಳ್ಳನ ಹಾಗೇ ಇದಾನೆ."

"ಕಳ್ಳನ ಹಾಗೆ," ಎಂದು ಅದನ್ನೂ ದುಂಡಗೆ ಬರೆದು, ಮೊಹರು ಒತ್ತಿ, "ನೋಡ್ತೀವಿ ಮೇಡಂ" ಎಂದರಂತೆ.

"ನಿಮ್ಮ ಮೇಲೆ ನೀವೇ ದೂರು ತಗೊಂಡ್ರಾ?" ಎಂದು ನಾನು ಹಣೆ ಚಚ್ಚಿಕೊಂಡೆ.

"ನಿಯಮ ಕಣೇ. ಆದ್ರೆ ಹೆದರ್ಬೇಡ. ನಮ್ಮ ಇಲಾಖೇಲಿ ಯಾರೂ ನೋಡಲ್ಲ."

ಇಲಾಖೆಯ ಇತಿಹಾಸದಲ್ಲೇ ಮೊದಲ ಬಾರಿಗೆ ನೋಡಿದರು! ಯಾಕೆಂದರೆ ಶನಿವಾರ ಅದೇ ಡಾಕ್ಟರಮ್ಮನ ಕುರ್ಚಿಯ ಮೇಲೆ, ದವಡೆ ಹಲ್ಲು ಅರ್ಧ ಕೊರೆಸಿಕೊಂಡು, ಬಾಯಿ ತೆರೆದು ಮಲಗಿದ್ದವರು ಇಲಾಖೆಯ ದೊಡ್ಡ ಎಂಜಿನಿಯರ್ ಸಾಹೇಬರು. ಕೊರೆಯುವ ಹೊತ್ತಿಗೆ ಸರಿಯಾಗಿ ನೀರು ನಿಂತಿತು. "ಸಾರ್, ಮುಂದಿನ ವಾರ ಬನ್ನಿ" ಎಂದಳಂತೆ ಡಾಕ್ಟರಮ್ಮ. "ನಿಮ್ಮ ಇಲಾಖೇದೇ ತಪ್ಪು."

ಭಾನುವಾರ ಬೆಳಗ್ಗೆ ಇವರು ಬಾಲ್ಕನಿಯಲ್ಲಿ ಫೋನನ್ನು ಕಡ್ಡಿಗೆ ಸಿಕ್ಕಿಸಿ ಸ್ಪರ್ಧೆಗೆ ಸಿದ್ಧರಾಗಿದ್ದರು. ತಲೆಯ ಮೇಲೆ ಹಿತ್ತಾಳೆ ಕನ್ನಡಕ, ಮೈಮೇಲೆ ನಾನೇ ಹೊಲಿದುಕೊಟ್ಟ ಕಪ್ತಾನನ ಕೋಟು. ಫೋನಿನಲ್ಲಿ ಹಡಗಿನ ಬಳಗವೆಲ್ಲ ಸೇರಿತ್ತು. ಐರನ್ ಬಿಸಿಯಾಗಿತ್ತು, ಆವಿ ಏಳುತ್ತಿತ್ತು. ಆಗ ಬಾಗಿಲು ದಬದಬ ಬಡಿದ ಸದ್ದು. ಒಂದು ಕೆನ್ನೆ ಚೆಂಡಿನಂತೆ ಊದಿದ ಎಂಜಿನಿಯರ್ ಸಾಹೇಬರು, ಅವರ ಹಿಂದೆ ಸಹಾಯಕ, ಅವನ ಹಿಂದೆ ಡಾಕ್ಟರಮ್ಮ, ಅವಳ ಹಿಂದೆ ಇಡೀ ಕಟ್ಟಡ ಒಳಗೆ ನುಗ್ಗಿತು.

ಸಾಹೇಬರು ಬಾಲ್ಕನಿಗೆ ಬಂದು ಯಂತ್ರ ನೋಡಿದರು. ಆಮೇಲೆ ಕನ್ನಡಕದ ಕೆಳಗಿದ್ದ ಮುಖ ನೋಡಿದರು.

"ನೀವಾ? ನಮ್ಮ ಕಂಪ್ಲೇಂಟ್ ಕಿಟಕೀಲಿ ಕೂರೋರು ನೀವಲ್ವಾ?" ಊದಿದ ಕೆನ್ನೆಯಿಂದ ಮಾತು ದಪ್ಪಗೆ ಬರುತ್ತಿತ್ತು. "ನೀರಿಲ್ಲ ಅಂತ ಬರೆಸ್ಕೊಳ್ಳೋದೂ ನೀವೇ, ನೀರು ಕದಿಯೋದೂ ನೀವೇನಾ?"

ಇವರ ಮುಖ ಬಿಳುಚಿತು. ಆದರೂ ಕೊನೆಗೂ ನಿಜ ಹೇಳಿದರು, ಅದಕ್ಕೆ ನಾನು ಸಾಕ್ಷಿ. "ಸಾರ್, ಇದು ಏನೂ ಮಾಡಲ್ಲ ಸಾರ್. ಸುಮ್ನೆ ಅಲಂಕಾರಕ್ಕೆ. ಕಲೆ ಸಾರ್."

ಸಾಹೇಬರು ನಕ್ಕರು. ನಕ್ಕಾಗ ಹಲ್ಲು ನೋವೆದ್ದು ಕೋಪ ಇಮ್ಮಡಿಯಾಯಿತು. "ಇಷ್ಟು ಮಾಪಕ, ಇಷ್ಟು ಪೈಪು, ಇಷ್ಟು ಆವಿ. ಏನೂ ಮಾಡಲ್ವಾ? ಏನೂ ಮಾಡದೇ ಇರೋ ಯಂತ್ರಾನ ತಲೆ ನೆಟ್ಟಗಿರೋನು ಯಾವನಾದ್ರೂ ಮಾಡ್ತಾನೇನ್ರೀ?"

ಈಗ ಹೆಡ್ಮಾಸ್ಟರು ಇವರನ್ನು ಕಾಪಾಡಲು ಮುಂದೆ ಬಂದರು. ಕಾಪಾಡಲು ಯಾರಾದರೂ ಬಂದರೆ ಇವರಿಗೆ ಯಾವತ್ತೂ ಒಳ್ಳೆಯದಾಗಿಲ್ಲ. "ಸ್ವಾಮಿ, ಅವರು ವಿನಯದಿಂದ ಹಾಗಂತಾರೆ. ಬಹಳ ಶಕ್ತಿಶಾಲಿ ಯಂತ್ರ! ನನ್ನ ಮನೇಲಿ ಚೊಂಬು ಬೀಳಿಸುತ್ತೆ!"

"ನಾನು ಕೂಗಿದ್ರೆ ಸಾಕು, ನನ್ನ ಬಾತ್‌ರೂಮಿಗೆ ಬೇರೇನೇ ಜಾಸ್ತಿ ಬಿಡ್ತಾರೆ," ಎಂದು ನರ್ಸಮ್ಮ ಸೇರಿಸಿದಳು.

"ಅಯ್ಯೋ, ಸುಮ್ಮನಿರಿ!" ಎಂದು ನಾನು ಬೇಡಿಕೊಂಡೆ. ಇವರು ಕಡ್ಡಿಯಿಂದ ಫೋನ್ ಕಿತ್ತು ಸಾಹೇಬರ ಮುಖಕ್ಕೆ ಹಿಡಿದರು. "ಸಾರ್, ನೋಡಿ, ಇವರೆಲ್ಲಾ ನಮ್ಮ ಬಳಗ. ಇವರನ್ನೇ ಕೇಳಿ. ಇದೊಂದು ಆಟ. ನಾನು ಅಲ್ಲಿ ಹಡಗಿನ ಕಪ್ತಾನ, ಅಷ್ಟೇ."

"ಹಡಗು ಬೇರೆ ಇದೆಯಾ?" ಸಾಹೇಬರು ಸಹಾಯಕನ ಕಡೆ ತಿರುಗಿದರು. "ಅದನ್ನೂ ಬರ್ಕೋ."

ಬಳಗದವರು ಇದೆಲ್ಲ ಸ್ಪರ್ಧೆಗಾಗಿ ಆಡುತ್ತಿರುವ ನಾಟಕ ಎಂದುಕೊಂಡಿದ್ದರು. ಫೋನಿನೊಳಗಿಂದ ಒಬ್ಬಳು ಚಪ್ಪಾಳೆ ತಟ್ಟಿ ಕೂಗಿದಳು: "ಕಪ್ತಾನ್, ಅದ್ಭುತ! ಆ ಅಧಿಕಾರಿ ಪಾತ್ರಧಾರಿ ಯಾರು? ಕೆನ್ನೆ ಊದಿರೋ ಹಾಗೆ ಮೇಕಪ್ ಮಾಡಿರೋದು ಎಷ್ಟು ನೈಜವಾಗಿದೆ!"

ಸಾಹೇಬರ ಇನ್ನೊಂದು ಕೆನ್ನೆಯೂ ಕೆಂಪಾಯಿತು.

"ಇದು ಏನೂ ಮಾಡಲ್ಲ ಅಂತ ಬಾಯ್ಲರ್ ಗೊತ್ತಿರೋ ಯಾರಾದ್ರೂ ಒಬ್ಬರು ಬಂದು ನನ್ನೆದುರು ಹೇಳ್ಬೇಕು. ಇಲ್ಲಾಂದ್ರೆ ನಾಳೆ ನೀವು ಕಿಟಕೀಲಿ ಕೂರೋಕೆ ಬರೋದು ಬೇಡ. ಕೆಲಸದಿಂದ ತೆಗೀತೀನಿ."

ಮೆಟ್ಟಿಲ ಮೇಲೆ ಅಪ್ಪನ ಕೆಮ್ಮು ಕೇಳಿಸಿತು. ನನಗೆ ಜೀವ ಬಂದಂತಾಯಿತು. "ಸಾರ್, ನಮ್ಮಪ್ಪ ಬಂದ್ರು! ಮಿಲ್ಲಿನ ಬಾಯ್ಲರ್ ಮೇಸ್ತ್ರಿ!"

ಇವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಬೇಡ ಕಣೇ," ಎಂದು ಪಿಸುಗುಟ್ಟಿದರು. "ಕೆಲಸ ಹೋದ್ರೆ ಹೋಗ್ಲಿ. ಮಾವ ಮೊದಲನೇ ಸಲ ನಾನು ಮಾಡಿದ್ದನ್ನ ನೋಡೋಕೆ ಅಂತ ಬಂದಿದಾರೆ. ಅವರ ಬಾಯಿಂದ, ಇಷ್ಟು ಜನರ ಎದುರಿಗೆ, 'ಇದು ಏನೂ ಅಲ್ಲ' ಅಂತ ಅನ್ನಿಸ್ಬೇಡ."

ಇಷ್ಟು ದಿನ ಅವರನ್ನು ಬೈದುಕೊಂಡೇ ಇದ್ದ ನನಗೆ ಆಗ ಕರುಳು ಚುರುಕ್ ಎಂದಿತು. ಆದರೆ ಅಷ್ಟರಲ್ಲಿ ಹೆಡ್ಮಾಸ್ಟರು ಅಪ್ಪನನ್ನು ತೋಳು ಹಿಡಿದು ಬಾಲ್ಕನಿಗೆ ತಂದಾಗಿತ್ತು, ಸಾಹೇಬರು ಸಂಗತಿಯೆಲ್ಲ ಹೇಳಿಯೂ ಆಗಿತ್ತು.

ಅಪ್ಪ ಕನ್ನಡಕ ಒರೆಸಿ ಹಾಕಿಕೊಂಡರು. ಯಂತ್ರದ ಸುತ್ತ ಒಂದು ಸುತ್ತು ಬಂದರು. ಎಡಗಡೆಯ ಮಾಪಕದ ಮುಂದೆ ನಿಂತು, ತಮಗೇ ತಿಳಿಯದಂತೆ ಕೈಯೆತ್ತಿ, ಬೆರಳ ಗೆಣ್ಣಿನಿಂದ ಗಾಜನ್ನು ಟಕ್ ಟಕ್ ಎಂದು ತಟ್ಟಿದರು. ಅಂಟಿಸಿದ ಮುಳ್ಳು ಅಲುಗಾಡಲಿಲ್ಲ. ಆಮೇಲೆ ದೊಡ್ಡ ವಾಲ್ವಿನ ಕಡೆ ತಿರುಗಿದವರು, ಅಲ್ಲಿ ಕಟ್ಟಿದ್ದ ಕೆಂಪು ಬಟ್ಟೆ ನೋಡಿ ನಿಂತುಬಿಟ್ಟರು. ಆ ಬಟ್ಟೆಯನ್ನು ಮುಟ್ಟಿ ನೋಡಿದರು.

"ನಿನ್ನ ಗಂಡನಿಗೆ ಕೇಳು," ಎಂದರು. "ಈ ವಾಲ್ವಿಗೆ ಕೆಂಪು ಬಟ್ಟೆ ಯಾಕೆ ಕಟ್ಟಿದಾನೆ?"

ನಾನು ಕೇಳಬೇಕಾಗಲಿಲ್ಲ. ಇವರು ನೆಲ ನೋಡುತ್ತಾ ಹೇಳಿದರು: "ಮೇನ್ ವಾಲ್ವನ್ನ ಹೊಸಬರು ಯಾರೂ ಮುಟ್ಟದೇ ಇರ್ಲಿ ಅಂತ ಮಿಲ್ಲಲ್ಲಿ ಕಟ್ತಿದ್ರಲ್ಲ, ಮಾವ ಹೇಳಿದ್ರು. ನಂಗಲ್ಲ, ನೀರಿನ ಜಗ್ಗಿಗೆ ಹೇಳಿದ್ರು. ನಾನು ಅಲ್ಲೇ ಕೂತಿದ್ದೆ. ಮಾಪಕ ಬಾಗಿಲಿನ ಎಡಕ್ಕೆ, ಚಕ್ರ ಬಲಕ್ಕೆ, ಸೀಟಿ ಮೇಲೆ. ಹಡಗಿನ ಎಂಜಿನ್ ಕೋಣೇನೂ ಹೀಗೇ ಕಟ್ಟಿರೋದು. ನಾನು ನೋಡಿರೋ ಬಾಯ್ಲರ್ ಯಾವುದೂ ಇಲ್ಲ, ಕೇಳಿರೋದು ಇದೊಂದೇ."

ಹೆಡ್ಮಾಸ್ಟರೂ ಸುಮ್ಮನಿದ್ದರು, ಅಂದ ಮೇಲೆ ಊಹಿಸಿಕೊಳ್ಳಿ.

ಅಪ್ಪ ಸಾಹೇಬರ ಕಡೆ ತಿರುಗಿದರು. "ಸ್ವಾಮಿ, ಇದರಿಂದ ಒಂದು ಹನಿ ನೀರೂ ಮೇಲೇರಲ್ಲ." ಒಂದು ಪೈಪು ಹಿಡಿದು ಮೆಲ್ಲಗೆ ಎಳೆದರು, ಅದು ಚಟ್ಟೆಂದು ಕೈಗೆ ಬಂತು. "ನೋಡಿ, ಈ ಕಡೆ ಪೈಪು ಸೇರಿರೋದು ಗೋಡೆಗೆ, ಆ ಕಡೆ ಸೇರಿರೋದು ಗಡಿಯಾರಕ್ಕೆ. ಗಮ್ಮಿನಲ್ಲಿ. ಆವಿ ಬರ್ತಿರೋದು ನನ್ನ ಮಗಳ ಇಸ್ತ್ರಿ ಪೆಟ್ಟಿಗೆಯಿಂದ. ಈ ಮನುಷ್ಯನ ಕೈಯಲ್ಲಿ ನೀರೆಳೆಯೋ ಯಂತ್ರ ಆಗೋದು ಈ ಜನ್ಮದಲ್ಲಿ ಸಾಧ್ಯ ಇಲ್ಲ. ಬೇಕಾದ್ರೆ ನಾನು ಬರೆದುಕೊಡ್ತೀನಿ."

"ಹಾಗಾದ್ರೆ ನಮ್ಮ ನೀರು ಎಲ್ಲಿ ಹೋಯ್ತು?" ಎಂದು ಡಾಕ್ಟರಮ್ಮ ಕೂಗಿದಳು.

ಸಹಾಯಕ ತಲೆ ಕೆರೆದುಕೊಂಡ. "ಸಾರ್, ಅದು... ಬೀದಿ ತುದೀಲಿರೋ ವಾಲ್ವನ್ನ ರಿಪೇರಿಗೆ ಅಂತ ನಮ್ಮವರೇ ಈ ಕಡೆ ತಿರುಗಿಸಿದ್ರು ಸಾರ್. ವಾಪಸ್ ತಿರುಗಿಸೋದು ಮರೆತಿರ್ಬೇಕು."

ಸಾಹೇಬರು ಅವನನ್ನು ನುಂಗುವಂತೆ ನೋಡಿದರು. ಆಮೇಲೆ ಕೆನ್ನೆ ಹಿಡಿದುಕೊಂಡು, ಯಾರಿಗೂ ಏನೂ ಹೇಳದೆ ಮೆಟ್ಟಿಲಿಳಿದರು. ಡಾಕ್ಟರಮ್ಮ ಹಿಂದೆಯೇ ಓಡಿದಳು: "ಸಾರ್, ನೀರು ಬಂದ್ರೆ ಇವತ್ತೇ ಕೊರೆದು ಮುಗಿಸೋಣ!" ಸಾಹೇಬರ ಹೆಜ್ಜೆ ಇನ್ನಷ್ಟು ಬಿರುಸಾಯಿತು.

ಕಟ್ಟಡದ ಜನ ಒಬ್ಬೊಬ್ಬರಾಗಿ ಹೊರಟರು. ಹೆಡ್ಮಾಸ್ಟರು ಮಾತ್ರ, "ಏನೇ ಹೇಳಿ, ಯಂತ್ರದಲ್ಲಿ ಏನೋ ಒಂದು ಇದೆ" ಎನ್ನುತ್ತಾ ಹೋದರು. ಇವರ ಕೆಲಸ ಉಳಿಯಿತು. ಆದರೆ ಕೋಟು ಹಾಕಿಕೊಂಡು ನಿಂತಿದ್ದ ಆ ಮುಖ ನೋಡಬೇಕಿತ್ತು ನೀವು. ಕಿತ್ತುಬಂದ ಪೈಪನ್ನೇ ನೋಡುತ್ತಿದ್ದರು.

ಅಪ್ಪ ಆ ಪೈಪನ್ನು ಕೆಳಗಿಡಲಿಲ್ಲ. ಇನ್ನೊಂದು ಸುತ್ತು ಬಂದರು.

"ನಿನ್ನ ಗಂಡನಿಗೆ ಹೇಳು," ಎಂದರು ನನಗೆ, "ಸೀಟಿ ಅಲ್ಲಲ್ಲ, ಮಿಲ್ಲಲ್ಲಿ ಇನ್ನೊಂದು ಗೇಣು ಬಲಕ್ಕೆ ಇತ್ತು. ಗಮ್ಮು ತರೋಕೆ ಹೇಳು. ಇದನ್ನ ನಾನು ಅಂಟಿಸ್ತೀನಿ. ಹಾಗೇ ಆ ಹಡಗನ್ನೂ ತೋರಿಸೋಕೆ ಹೇಳು."

ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ಯಾರೋ ಮಾಡಿದ ಹಿತ್ತಾಳೆ ಆಮೆಗೆ ಹೋಯಿತಂತೆ. ಇಲ್ಲಿ ಯಾರಿಗೂ ಅದರ ಪರಿವೆ ಇರಲಿಲ್ಲ, ಯಾಕೆಂದರೆ ಅಪ್ಪ ಹಡಗು ಹತ್ತಿಬಿಟ್ಟಿದ್ದರು. ಭಾನುವಾರ ಬರುತ್ತಿದ್ದವರು ಈಗ ದಿನಾ ಸಂಜೆ ಬರುತ್ತಾರೆ. ಕಿವಿಗೆ ಹೆಡ್‌ಫೋನ್ ಏರಿಸಿ, ಕಂಪ್ಯೂಟರಿನ ಮುಂದೆ ಇವರ ಪಕ್ಕದಲ್ಲೇ ನೆಟ್ಟಗೆ ಕೂತು, ಎಂಜಿನ್ ಕೋಣೆಯ ಉಸ್ತುವಾರಿ ವಹಿಸಿಕೊಂಡಿದ್ದಾರೆ. ಮೊದಲ ದಿನವೇ ಬಳಗದವರನ್ನೆಲ್ಲ ಸಾಲಾಗಿ ನಿಲ್ಲಿಸಿ, "ಬೂದಿ ತೆಗೀದೆ ಬೆಂಕಿ ಹಾಕೋ ಮುಠ್ಠಾಳ ಯಾರು?" ಎಂದು ಗದರಿದರು. ಆ ಹಡಗಿನಲ್ಲಿ ಬೂದಿಯೇ ಇರಲಿಲ್ಲ. ಅಪ್ಪನ ಕಾಟ ತಡೆಯಲಾರದೆ ಯಾರೋ ಕೂತು ಬೂದಿಯನ್ನೂ ಹೊಸದಾಗಿ ರಚಿಸಿಕೊಟ್ಟರು. ಮಾಪಕ ಸರಿಯಾದ ಗೆರೆಗೆ ಬರುವವರೆಗೆ ಹಡಗು ಹೊರಡುವಂತಿಲ್ಲ. ಎಲ್ಲೆಲ್ಲಿಯವರೋ ಜನ ಉಸಿರು ಬಿಗಿಹಿಡಿದು ಕಾಯುತ್ತಾರೆ. ಆಮೇಲೆ ಅಪ್ಪನ ದನಿ ಕೇಳುತ್ತದೆ: "ಆವಿ ಸರಿಯಾಗಿದೆ. ಹೊರಡ್ಬಹುದು, ಕಪ್ತಾನ್ರೇ."

ಕಪ್ತಾನ್ರೇ! ನೇರವಾಗಿ, ಇವರಿಗೇ! ಮೊದಲ ಸಲ ಹಾಗೆಂದಾಗ ಇವರು ಹೆಡ್‌ಫೋನ್ ಕಿತ್ತೆಸೆದು ಅಡುಗೆಮನೆಗೆ ಓಡಿಬಂದರು. "ಕೇಳಿಸ್ತೇನೇ? ಕೇಳಿಸ್ತಾ?" ಎಂದು ಮಗುವಿನಂತೆ ಕುಣಿದರು. ಒಳಗೆ ಕಪ್ತಾನನಿಲ್ಲದ ಹಡಗು ಯಾವುದೋ ಬೆಟ್ಟಕ್ಕೆ ಡಿಕ್ಕಿ ಹೊಡೆಯಿತು.

ಹಡಗಿನಿಂದ ಇಳಿದು ಊಟಕ್ಕೆ ಕೂತರೆ ಮತ್ತೆ ಹಳೆಯ ಹಾಡೇ. "ನಿನ್ನ ಗಂಡನಿಗೆ ಹೇಳು, ನಾಳೆ ಬೇಗ ಬೆಂಕಿ ಹಾಕ್ಬೇಕು."

ನನಗೂ ಸಾಕಾಗಿತ್ತು. "ಅಪ್ಪಾ, ಪಕ್ಕದಲ್ಲೇ ಇದಾರೆ, ನೀವೇ ಹೇಳಿ. ಒಳಗೆ ಮಾತ್ರ ಕಪ್ತಾನ್ರೇ, ಕಪ್ತಾನ್ರೇ ಅಂತೀರಾ."

"ಅಲ್ಲಿ ಅವನು ಕಪ್ತಾನ," ಎಂದರು ಅಪ್ಪ, ತಟ್ಟೆಯಿಂದ ತಲೆಯೆತ್ತದೆ. "ಇಲ್ಲಿ ನನ್ನ ನಲ್ಲಿ ಮುರಿದೋನು."

ಇವರು ತಟ್ಟೆ ಎತ್ತಿಕೊಂಡು ಕೈತೊಳೆಯಲು ಎದ್ದುಹೋದರು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಹೇಳಿಯೇಬಿಡೋಣ ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಇವರ ದನಿ. "ಲೇ, ಈ ನಲ್ಲಿ ತೊಟ್ಟಿಕ್ತಾ ಇದೆ ಕಣೇ. ತಡಿ, ಒಂಚೂರು ಬಿಗಿ ಮಾಡ್ತೀನಿ."

ತಿರುಗಿ ನೋಡಿದರೆ, ಯಂತ್ರ ಕಟ್ಟಲೆಂದು ತಂದು ಒಮ್ಮೆಯೂ ಬಳಸದ ಸ್ಪ್ಯಾನರ್ ಇವರ ಕೈಯಲ್ಲಿತ್ತು. ಅದು ಆಗಲೇ ನಲ್ಲಿಯ ಕತ್ತು ಹಿಡಿದಿತ್ತು.

ಅಪ್ಪನ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. ಕುರ್ಚಿ ಹಿಂದಕ್ಕೆ ಉರುಳಿತು. ನನ್ನ ಕಡೆ ನೋಡಲು, "ನಿನ್ನ ಗಂಡನಿಗೆ ಹೇಳು" ಎನ್ನಲು ಅವರಿಗೆ ಎಲ್ಲಿದೆ ಪುರುಸೊತ್ತು? ಎದ್ದು ನಿಂತು, ಮಿಲ್ಲಿನ ಸೀಟಿಯೂ ನಾಚುವ ಗಂಟಲಿನಲ್ಲಿ ಕೂಗಿದರು:

"ಕಪ್ತಾನ್ರೇ! ಸ್ಪ್ಯಾನರ್ ಕೆಳಗಿಡಿ!"

ಇವರು ಕೆಳಗಿಟ್ಟರು. ಅಷ್ಟು ಸಂತೋಷದಿಂದ ಯಾರೂ ಯಾವತ್ತೂ ಸ್ಪ್ಯಾನರ್ ಕೆಳಗಿಟ್ಟದ್ದನ್ನು ನಾನು ನೋಡಿಲ್ಲ.